ಮೂಸಿ ಹೇಳುವ ಕೆಲಸ

ಆ ದೊಡ್ಡ ಕಾಯಿಲೆಯ ಕಾಲದಲ್ಲಿ ಎಲ್ಲರಿಗೂ ಬಂದ ಹಾಗೆ ನಂಜುಂಡೇಶನಿಗೂ ಜ್ವರ ಬಂತು, ಎಲ್ಲರಿಗೂ ಹೋದ ಹಾಗೆ ವಾಸನೆ ತಿಳಿಯುವುದೂ ಹೋಯಿತು. ಉಳಿದವರಿಗೆ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂದದ್ದು ಅವನಿಗೆ ಬರಲಿಲ್ಲ. ಊಟಿಗೆ ಹೋಗಿ ತೋರಿಸಿದ, ಕೊಯಮತ್ತೂರಿಗೂ ಹೋಗಿ ತೋರಿಸಿದ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು.

ಅವನು ಕೋತಗಿರಿಯ ಹೊರಗೆ, ಸಣ್ಣ ಬೆಳೆಗಾರರಿಂದ ಹಸಿರೆಲೆ ಕೊಳ್ಳುವ ಒಂದು ಫ್ಯಾಕ್ಟರಿಯಲ್ಲಿ ಟೀ ಮೇಕರ್ ಆಗಿದ್ದವನು. ಅರೆದ ಎಲೆ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಮೂಗಿನಿಂದಲೇ ಹೇಳುವುದು ಅವನ ಉದ್ಯೋಗ. ಒಂದು ರಾತ್ರಿಯ ಎಲೆ ಪೂರ್ತಿ ಹುಳಿಯಾದ ಮೇಲೆ ಮಾಲೀಕರು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಎಲೆ ತೂಗುವ ಶೆಡ್ಡಿಗೆ ಹಾಕಿದರು. ಅಲ್ಲಿ ಮೂಗು ಬೇಕಿರಲಿಲ್ಲ. ಸಂಜೆಯವರೆಗೆ ನಿಂತು, ಮೂಟೆ ಎತ್ತಿಸಿ ಇಳಿಸಿ, ಎಲೆ ತರುವ ಹಟ್ಟಿಯವರ ಜೊತೆ ತೂಕದ ಬಗ್ಗೆ ವಾದ ಮಾಡಿ ಮನೆಗೆ ಬರುವಾಗ ಅವನಿಗೆ ಮಾತೂ ಬೇಡವಾಗಿರುತ್ತಿತ್ತು.

ಮನೆಯ ಅಟ್ಟದ ಮೇಲೆ ಅವನ ಹೊಗೆಸೊಪ್ಪಿನ ಭರಣಿಗಳಿದ್ದವು. ಪೈಪ್ ಸೇದುವುದು ಅವನಿಗಿದ್ದ ಒಂದೇ ಶೋಕಿ. ಕಲಿಸಿದವನು ವೆಲ್ಲಿಂಗ್ಟನ್ನಿನ ಧರ್ಮಲಿಂಗಂ. ಸೈನ್ಯದ ಕೇಂದ್ರದಲ್ಲಿ ಉಗ್ರಾಣ ನೋಡಿಕೊಂಡಿದ್ದು ನಿವೃತ್ತನಾದವನು, ನಂಜುಂಡೇಶನಿಗಿಂತ ಹತ್ತು ವರ್ಷ ದೊಡ್ಡವನು. ಅಂಗಡಿಯಲ್ಲಿ ಸಿಗುವ ಡಬ್ಬಿಯ ತಂಬಾಕು ಇಬ್ಬರಿಗೂ ಹಿಡಿಸಲಿಲ್ಲ; ತಾವೇ ಮಾಡಿಕೊಳ್ಳತೊಡಗಿದರು. ಹುಣಸೂರಿನ ಕಡೆ ಇರುವ ನಂಜುಂಡೇಶನ ಭಾವಮೈದುನ ಬ್ಯಾರನ್ನಿನ ಬಿಸಿಗೂಡಿನಲ್ಲಿ ಒಣಗಿಸಿ ಹದ ಮಾಡಿದ ಹಳದಿ ಸೊಪ್ಪು ಕಳಿಸುತ್ತಿದ್ದ. ಖಾರದ ಕರಿಸೊಪ್ಪು ಧರ್ಮಲಿಂಗಂ ತಂಜಾವೂರಿನ ಕಡೆಯಿಂದ ತರಿಸುತ್ತಿದ್ದ. ನಡುನರ ತೆಗೆದು, ಬೆಲ್ಲದ ನೀರು ಚಿಮುಕಿಸಿ, ಹಲಗೆಗಳ ನಡುವೆ ಒತ್ತಿ, ತೆಳ್ಳಗೆ ಕೊಯ್ದು ಭರಣಿಗೆ ತುಂಬಿ ಮುಚ್ಚಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಖಾರವಿದ್ದದ್ದು ಮೆತ್ತಗಾಗುತ್ತಿತ್ತು. ಯಾವುದಕ್ಕೆ ಯಾವುದು ಎಷ್ಟು ಕೂಡಬೇಕೆಂದು ಮೂಸಿ ನೋಡಿ ನಿರ್ಧರಿಸುವವನು ಮಾತ್ರ ಯಾವಾಗಲೂ ನಂಜುಂಡೇಶ.

ವಾಸನೆ ಹೋದ ಮೇಲೆ ಅವನು ಅಟ್ಟ ಹತ್ತುವುದನ್ನೇ ಬಿಟ್ಟ. ಪೈಪ್ ಹಚ್ಚಿದರೆ ನಾಲಿಗೆಗೆ ಬಿಸಿ ತಾಕುತ್ತಿತ್ತು, ಒಂದಿಷ್ಟು ಕಹಿ ತಿಳಿಯುತ್ತಿತ್ತು, ಅಷ್ಟೇ.

ಕಳೆದ ಮಳೆಗಾಲಕ್ಕೆ ಮುಂಚೆ ಅವನ ಹೆಂಡತಿ ಪ್ರೇಮಲತಾ ಅಟ್ಟ ಗುಡಿಸಲು ಹತ್ತಿದವಳು, ಒಂದು ಭರಣಿಗೆ ಬೂಷ್ಟು ಬಂದ ಹಾಗಿದೆ ಎಂದು ಕೆಳಗೆ ತಂದಳು. ಅವನು ಬೆಳಕಿಗೆ ಹಿಡಿದು ನೋಡಿದ. ಕಣ್ಣಿಗೆ ಏನೂ ಕಾಣಲಿಲ್ಲ. ಅವಳು ಮುಚ್ಚಳ ತೆಗೆದು ಮೂಸಿ, ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ ಎಂದಳು. ಸೊಪ್ಪನ್ನು ಬಿಡಿಸಿದಾಗ ಒಳಗೆ ಬಿಳಿ ನೂಲು ಹಬ್ಬಿತ್ತು. ಇನ್ನೊಂದನ್ನೂ ನೋಡು ಎಂದ. ಅದು ಚೆನ್ನಾಗಿದೆ, ಒಣದ್ರಾಕ್ಷಿ ಡಬ್ಬಿ ತೆರೆದ ಹಾಗಿದೆ ಎಂದಳು. ಆ ಮಾತು ಕೇಳಿದ್ದೇ ಅವನಿಗೆ ಆ ಭರಣಿ ತುಂಬಿದ ವರ್ಷ, ಆ ವರ್ಷದ ಎಲೆಯ ಬಣ್ಣ, ಎಲ್ಲ ನೆನಪಿಗೆ ಬಂತು. ಬಹಳ ದಿನಗಳ ಮೇಲೆ ಅವನ ಮುಖ ಒಂದಿಷ್ಟು ಗೆಲುವಾಯಿತು. ಪ್ರೇಮಲತಾ ಅದನ್ನು ನೋಡಿದಳು. ಭಾನುವಾರಗಳಂದು ಭರಣಿಗಳನ್ನು ಮೂಸಿ ಹೇಳುವ ಕೆಲಸ ಅವಳ ಹೆಗಲಿಗೆ ಬಿದ್ದದ್ದು ಹೀಗೆ.

ಅವಳು ಸರ್ಕಾರಿ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಅಡುಗೆಯವಳು. ಜೊತೆಗಿದ್ದ ಸಹಾಯಕಿ ಬಿಟ್ಟುಹೋಗಿ ವರ್ಷವಾದರೂ ಬೇರೆಯವರು ಬಂದಿರಲಿಲ್ಲ. ಅಕ್ಕಿ ತೊಳೆಯುವುದು, ಹಂಡೆ ಇಳಿಸುವುದು, ಬಡಿಸುವುದು, ಉಜ್ಜುವುದು ಎಲ್ಲ ಅವಳೊಬ್ಬಳದೇ. ವಾರವೆಲ್ಲ ಸಾಂಬಾರಿನ ಹಬೆಯಲ್ಲಿ ನಿಂತವಳಿಗೆ ಭಾನುವಾರ ಯಾವ ವಾಸನೆಯೂ ಬೇಡವಾಗಿತ್ತು. ಆದರೂ ಊಟವಾದ ಮೇಲೆ ಅವನು ಭರಣಿಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ. ಅವಳು ಒಂದೊಂದನ್ನೇ ಮೂಸಿ, ಹುಣಸೆ, ಹುಲ್ಲು, ಹಳೆಯ ಮರದ ಪೆಟ್ಟಿಗೆ ಎಂದು ಹೇಳುತ್ತಿದ್ದಳು. ಎಂಥ ಹುಣಸೆ, ಹೊಸದೋ ಹಳೆಯದೋ ಎಂದು ಅವನು ಕೇಳುತ್ತಿದ್ದ. ಇನ್ನೊಮ್ಮೆ ಮೂಸು ಎನ್ನುತ್ತಿದ್ದ. ಹೊರಗೆ ಮಂಜು ಕವಿದು ಮಧ್ಯಾಹ್ನಕ್ಕೇ ದೀಪ ಹಚ್ಚುವಂತಾಗುತ್ತಿತ್ತು. ನಿದ್ದೆಗೆ ಅವಳ ಕಣ್ಣು ಎಳೆಯುತ್ತಿತ್ತು. ಅವನ ಗಮನ ಭರಣಿಯ ಮೇಲಿರುತ್ತಿತ್ತು.

ಹಾಗೆ ಕೇಳಿ ಕೇಳಿ ಅವನು ಒಂದು ಮಿಶ್ರಣ ಕೂಡಿಸಿದ. ಎಲ್ಲಕ್ಕಿಂತ ಹಳೆಯ ಹುಣಸೂರಿನ ಸೊಪ್ಪನ್ನು ಅದಕ್ಕೆ ಸುರಿದ. ಆಮೇಲೆ ಕರಿಸೊಪ್ಪು. ಅದನ್ನು ಚಿಟಿಕೆಯಷ್ಟು ಹಾಕುವುದು ವಾಡಿಕೆ. ಆದರೆ ಆ ಭರಣಿ ನೆನೆಸಿದ ಖರ್ಜೂರದ ಹಾಗಿದೆ ಎಂದು ಪ್ರೇಮಲತಾ ಹೇಳಿದ್ದರಿಂದ, ಅಷ್ಟು ಮೆತ್ತಗಾಗಿದ್ದರೆ ಧಾರಾಳವಾಗಿ ಹಾಕಬಹುದು ಎಂದುಕೊಂಡ. ಒತ್ತಿ, ಕೊಯ್ದು, ಮುಚ್ಚಿಟ್ಟ. ದೀಪಾವಳಿ ಕಳೆದ ಮೇಲೆ ಬಾ ಎಂದು ಧರ್ಮಲಿಂಗಂಗೆ ಫೋನು ಮಾಡಿದ.

ಧರ್ಮಲಿಂಗಂ ಬಸ್ಸು ಬದಲಿಸಿಕೊಂಡು ಬಂದ. ಮಂಡಿನೋವು, ನಿಲ್ದಾಣದಿಂದ ಮೇಲೆ ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಜಗಲಿಯಲ್ಲಿ ಕೂತು ಇಬ್ಬರೂ ಪೈಪ್ ತುಂಬಿದರು. ನಂಜುಂಡೇಶನಿಗೆ ನಾಲಿಗೆ ಚುರುಗುಟ್ಟಿತು. ಈಗೀಗ ಎಲ್ಲ ಹೊಗೆಯೂ ಹಾಗೇ ಎಂದುಕೊಂಡು ಇನ್ನೊಮ್ಮೆ ಎಳೆದ. ಧರ್ಮಲಿಂಗಂ ಸ್ವಲ್ಪ ಸೇದಿ, ಕೆಮ್ಮಿ, ಪೈಪನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಹಳೆಯ ಸ್ನೇಹ, ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಇದಕ್ಕೆ ಹಾಕಿದ ಕರಿಸೊಪ್ಪು ಯಾವುದು ತೋರಿಸು ಎಂದ. ನಂಜುಂಡೇಶ ಮಿಕ್ಕಿದ್ದ ಭರಣಿ ತಂದುಕೊಟ್ಟ. ಧರ್ಮಲಿಂಗಂ ಮುಚ್ಚಳ ತೆಗೆದವನು ಮುಖ ಹಿಂದಕ್ಕೆ ಎಳೆದುಕೊಂಡ.

"ನಂಜುಂಡು, ಇದು ಹಸಿ ಇದೆಪ್ಪಾ. ಗಂಜಳ ನಾರ್ತಾ ಇದೆ. ಇದನ್ನ ಹೇಗೆ ಹಾಕ್ದೆ?"

"ಖರ್ಜೂರ ಅಂದ್ಳಲ್ಲ ಇವಳು."

ಪ್ರೇಮಲತಾ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಲೋಟಗಳನ್ನು ಇಬ್ಬರ ಮುಂದೆಯೂ ಇಟ್ಟಳು. ಒಳಗೆ ಹೋಗಲಿಲ್ಲ, ಗೋಡೆಗೆ ಒರಗಿ ಹೊಸ್ತಿಲ ಮೇಲೆ ಕೂತಳು.

"ನಾನು ಅದನ್ನ ಮೂಸಲೇ ಇಲ್ಲ," ಎಂದಳು. "ಉಸಿರು ಹಿಡ್ಕೊಂಡು ಮೂಗಿನ ಹತ್ರ ತಂದೆ, ಬಾಯಿಗೆ ಬಂದದ್ದು ಹೇಳ್ದೆ. ಅದೊಂದೇ ಅಲ್ಲ. ಆಮೇಲಾಮೇಲೆ ಸುಮಾರು ಹಾಗೇ."

"ಆಗಲ್ಲ ಅಂತ ಹೇಳಬಾರ್ದಿತ್ತಾ?" ಎಂದ ನಂಜುಂಡೇಶ.

"ಹೇಳಿದ್ರೆ ಇನ್ನೊಂದ್ಸಲ ಮೂಸು ಅಂತಿದ್ರಿ."

ನಂಜುಂಡೇಶನಿಗೆ ಸಿಟ್ಟು ಬರಬೇಕಿತ್ತು. ಆ ಹಳದಿ ಸೊಪ್ಪು ಮತ್ತೆ ಸಿಗುವಂಥದ್ದಲ್ಲ. ಭಾವಮೈದುನ ಈಗ ತಂಬಾಕು ಬೆಳೆಯುವುದನ್ನೇ ಬಿಟ್ಟು ಶುಂಠಿ ಹಾಕಿದ್ದ. ಅವನು ಏನೋ ಹೇಳಲು ಅವಳ ಕಡೆ ತಿರುಗಿದ. ಅವಳ ಕೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ಬೆರಳುಗಳ ಸಂದಿನಲ್ಲಿ ಸೋಪಿನ ನೀರು ತಿಂದು ಚರ್ಮ ಬಿರಿದಿತ್ತು. ಶೆಡ್ಡಿನಲ್ಲಿ ಸಂಜೆ ಕೊನೆಯ ಮೂಟೆ ತೂಗುವಾಗ ತಾನು ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೆಂದು ನೋಡದೆಯೇ ಒಮ್ಮೊಮ್ಮೆ ತೂಕ ಹೇಳಿಬಿಡುವುದು ಅವನಿಗೆ ನೆನಪಾಯಿತು. ಅದು ಮೋಸ ಮಾಡಬೇಕೆಂದು ಅಲ್ಲ. ಕತ್ತು ಬಗ್ಗಿಸಲು ಆಗುತ್ತಿರಲಿಲ್ಲ.

"ಮೊದಲು ಹೇಳಿದ್ದೆಲ್ಲ ನಿಜಾನೇ," ಎಂದಳು ಪ್ರೇಮಲತಾ. "ಗೋಣಿಚೀಲ ನಿಜ. ದ್ರಾಕ್ಷಿಯೂ ನಿಜ."

ಅವನು ತಲೆಯಾಡಿಸಿದ. ಇಬ್ಬರೂ ಕಾಫಿ ಕುಡಿದು ಮುಗಿಸಿದರು. ಆಮೇಲೆ ಧರ್ಮಲಿಂಗಂ, ಈ ಮಿಶ್ರಣವನ್ನು ಎಸೆಯುವುದೇನೂ ಬೇಡ, ಮೂರು ನಾಲ್ಕು ವರ್ಷ ಮುಟ್ಟದೆ ಇಟ್ಟರೆ ಕರಿಸೊಪ್ಪು ಹದಕ್ಕೆ ಬಂದರೂ ಬರಬಹುದು ಎಂದ. ಅಷ್ಟು ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಎಂದೂ ಸೇರಿಸಿದ. ಅದನ್ನು ಅವನು ವಿಶೇಷ ಬೇಸರದಿಂದೇನೂ ಹೇಳಲಿಲ್ಲ. ಹೊರಡುವಾಗ ಇಳಿಜಾರಿನಲ್ಲಿ ನಂಜುಂಡೇಶ ಅವನ ಕೈ ಹಿಡಿದುಕೊಂಡು ಬಸ್ಸಿನವರೆಗೆ ಹೋದ. ಅಟ್ಟದ ಮೇಲಿರುವ ಒಳ್ಳೆಯ ಭರಣಿಗಳನ್ನು ನೀನೇ ಒಯ್ದುಬಿಡು, ಮುಂದಿನ ಸಲ ನಿನ್ನ ಮಗನ ಜೊತೆ ಗಾಡಿ ತೆಗೆದುಕೊಂಡು ಬಾ ಎಂದ. ಧರ್ಮಲಿಂಗಂ ಒಪ್ಪಿಕೊಂಡ. ನಿನಗೆ ಬೇಡವೇ ಎಂದು ಕೇಳಲಿಲ್ಲ.

ಮನೆಗೆ ಬಂದಾಗ ಪ್ರೇಮಲತಾ ಅದೇ ಹೊಸ್ತಿಲಲ್ಲಿ ತಲೆ ಗೋಡೆಗೆ ಆನಿಸಿ ನಿದ್ದೆ ಹೋಗಿದ್ದಳು. ಅವನು ಎಬ್ಬಿಸಿ ಒಳಗೆ ಮಲಗಲು ಹೇಳಿದ. ಲೋಟ ತೊಳೆದ. ಒಲೆಯ ಮೇಲೆ ಅನ್ನಕ್ಕಿಟ್ಟು, ಸೀದರೆ ತನಗೆ ತಿಳಿಯುವುದಿಲ್ಲವೆಂದು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತ.

ಮುಂದಿನ ಭಾನುವಾರ ಅವಳು ಹೊತ್ತೇರಿದ ಮೇಲೂ ಏಳಲಿಲ್ಲ. ಅವನು ಕರೆಯಲಿಲ್ಲ. ಜಗಲಿಯಲ್ಲಿ ಕೂತು ಕೈಗೆ ಸಿಕ್ಕ ಸೊಪ್ಪನ್ನು ಪೈಪಿಗೆ ತುಂಬಿ ಹಚ್ಚಿದ. ಯಾವ ವರ್ಷದ್ದು, ಯಾವ ಊರಿನದ್ದು ಎಂದು ಯೋಚಿಸಲಿಲ್ಲ. ಬಾಯಿಗೆ ಬಿಸಿ ಬಂತು. ಹೊಗೆ ಮಂಜಿನಲ್ಲಿ ಸೇರಿಹೋಗುವುದು ಕಾಣುತ್ತಿತ್ತು. ಆರುವವರೆಗೆ ಸೇದಿ, ಬೂದಿ ಕೊಡವಿ, ಅಲ್ಲೇ ಕಾಲು ಚಾಚಿ ಮಲಗಿದ.