ಒಂದಕ್ಕಿಂತ ಕಮ್ಮಿ

ತೊಂಬತ್ತಮೂರರಲ್ಲಿ ನಮ್ಮ ಹಂಗಳಕ್ಕೆ ದಡಾರ ಬಂದಾಗ ಮೈಸೂರಿಂದ ಶಿವರುದ್ರಸ್ವಾಮಿ ಅಂತ ಡಾಕ್ಟ್ರು ಬಂದ. ಮದ್ದಿನ ಜೊತೆಗೊಂದು ನೋಟ್‌ಬುಕ್ಕು. ಮನೆಮನೆಗೂ ಓಗಿ, ಗುಳ್ಳೆ ಯಾವತ್ತು ಎದ್ದೋ, ಮಗು ಯಾರ ಜೊತೆ ಆಡ್ತು ಅಂತ ಬರ್ಕೊಳೋನು.

"ಮಾರಮ್ಮ ಯಾರ ಮನೆಗೆ ಬತ್ತಾಳೆ ಅಂತ ನೀನು ಲೆಕ್ಕ ಆಕೀಯೇನಪ್ಪ?" ಅಂತ ಬೈದೆ. ನನ್ನ ಬಾಯೇ ಅಂಗೆ. ನಂಗೆ ಮೂಗಮ್ಮ ಅಂತ ಎಸರಿಟ್ಟೋರಿಗೆ ಏನು ಗೊತ್ತಿತ್ತು!

ಬೈದದ್ದು ಭಯಕ್ಕೆ ಕಣಪ್ಪ. ಅದಕ್ಕೂ ಮುಂಚಿನ ಸಲದ ದಡಾರದಲ್ಲಿ ಮೊದಲ ಮೊಮ್ಮಗ ಗಣೇಶ ಓಗ್ಬುಟ್ಟಿದ್ದ. ಈಗ ಸೊಸೆ ನೀಲಾವತಿ ಮಡಿಲಲ್ಲಿ ಐದು ತಿಂಗಳ ಕೂಸು. ಸೂಜಿ ಆಕ್ಸಕ್ಕೆ ಒಂಬತ್ತು ತುಂಬ್ಬೇಕಂತೆ. ಬಾಗಿಲು ಆಕಿ ಒಳಗೇ ಇಟ್ಕೊಂಡಿದ್ವಿ.

ಡಾಕ್ಟ್ರು ಜಗುಲಿ ಮೇಲೆ ಕೂತು ಅಂದ: "ಇಲ್ಲಿ ಒಂದು ಮಗುವಿಂದ ನಾಲ್ಕು ಮಕ್ಕಳಿಗೆ ಅಂಟ್ತಾ ಇದೆ ಅಜ್ಜಿ. ಅದು ಒಂದಕ್ಕಿಂತ ಕಮ್ಮಿ ಆದ್ರೆ ರೋಗ ತಾನೇ ಸಾಯತ್ತೆ. ಗುಳ್ಳೆ ಎದ್ದ ಮೇಲೂ ನಾಲ್ಕು ದಿನ ಅಂಟತ್ತೆ, ಅಂಟಿದ್ದು ಕಾಣೋಕೆ ಹತ್ತು ಹನ್ನೆರಡು ದಿನ. ಬುಧವಾರದ ಆಚೀಚೆ ಕೆಳಗಿನ ಬೀದೀಲಿ ಇನ್ನೂ ಆರು ಮಕ್ಕಳಿಗೆ ಗುಳ್ಳೆ ಏಳತ್ತೆ."

"ಓಹೋ, ದೊಡ್ಡ ದೇವ್ರು ಬುಡು ನೀನು!" ಅಂದೆ.

ಬುಧವಾರ ನಾಕು ಮಕ್ಳಿಗೆ ಎದ್ದೋ, ಗುರುವಾರ ಎರಡಕ್ಕೆ. ಡಾಕ್ಟ್ರನ್ನ ಬೀದೀಲೇ ತಡೆದು ನಿಲ್ಲಿಸ್ದೆ.

"ಎಂಗಪ್ಪಾ ಗೊತ್ತಾಯ್ತು?"

ನೋಟ್‌ಬುಕ್ ತಿರುಗಿಸ್ದ. ಮನೆಗೊಂದು ಚೌಕ, ಮಗೀಗೊಂದು ಸೊನ್ನೆ, ಅಂಟಿದ ಕಡೆಗೊಂದು ಗೆರೆ. ನಂಗೆ ಓದಕ್ಕೆ ಬರಲ್ಲ, ಆದ್ರೆ ಗೆರೆ ಕಾಣ್ತವಲ್ಲ. ಎಲ್ಲಾವೂ ಒಂದೇ ಮನೆಗೆ ಬಂದು ಅಲ್ಲಿಂದ ಚದುರಿದ್ದೊ. ಅದರ ಎದುರಿಗೆ ಗುಡಿ ಗೀಚಿದ್ದ, ಆ ಮನೆ ನಮ್ದು.

ಮಾರಮ್ಮನ ಗುಡಿ ನಮ್ಮನೆ ಎದುರಿಗೇ. ಗುಳ್ಳೆ ಎದ್ದ ಮೂರನೇ ದಿನ ಮಗೀಗೆ ಬೇವಿನ ನೀರು ಉಯ್ದು, ನಮ್ಮ ಜಗುಲೀಲಿ ಕೂರ್ಸಿ, ಬೀದಿ ಮಕ್ಳಿಗೆಲ್ಲ ಮೊಸರನ್ನದ ತಂಪು ಕೊಡೋದು ನಮ್ಮ ಮನೆತನದ ಸೇವೆ. ಬಡಿಸೋ ಕೈ ನಂದು. ಆ ಸಲ ಗಣೇಶಂಗೂ ಆ ಮಕ್ಳ ಜೊತೆ ಅಲ್ಲೇ ತುತ್ತಿಟ್ಟಿದ್ದೆ.

ಅವತ್ತು ಗುಡಿ ಮುಂದೆ ಬಿದ್ದು ಅತ್ತೆ. "ಮೂರನೇ ದಿನದ ತಂಪು ಏಳನೇ ದಿನಕ್ಕಾಗ್ಲಿ ತಾಯಿ. ಕೋಪ ಬಂದ್ರೆ ನನ್ನ ಮೇಲೆ ಬರ್ಲಿ, ಕೂಸಿನ ಮೇಲೆ ಬ್ಯಾಡ" ಅಂದೆ. ಊರೆಲ್ಲ ಬೈತು. ನನ್ನ ಬಾಯಿಗೆ ಯಾರು ನಿಂತಾರು? ಏಳನೇ ದಿನಕ್ಕೇ ತಂಪು.

ಆಮೇಲೆ ಆ ಆರು ಮಕ್ಳಿಂದ ಮೂರಕ್ಕೆ ಬಂತು, ಮೂರರಿಂದ ಒಂದಕ್ಕೆ, ಒಂದರಿಂದ ಯಾರಿಗೂ ಇಲ್ಲ. ಕಣ್ಣಿಗೆ ಕಾಣದ್ದನ್ನ ಎಣಿಸಿ ನಿಲ್ಲಿಸ್ಬೌದು ಅಂತ ಈ ವಯಸ್ನಲ್ಲಿ ನೋಡ್ದೆನಲ್ಲ, ಶಿವನೇ!

ಒರಡೋ ದಿನ ಡಾಕ್ಟ್ರು ನಮ್ಮ ಕೂಸಿನ ಸೊನ್ನೆ ತೋರ್ಸ್ದ. ಅದಕ್ಕೆ ಒಂದು ಗೆರೆನೂ ಬಂದಿರ್ಲಿಲ್ಲ.

"ಪಕ್ಕದಲ್ಲಿ ಇನ್ನೊಂದು ಸೊನ್ನೆ ಆಕಪ್ಪ" ಅಂದೆ.

"ಯಾರ್ದು ಅಜ್ಜಿ?"

"ಗಣೇಶಂದು. ನನ್ನ ಜಗುಲಿಯಿಂದ ಅವನಿಗೊಂದು ಗೆರೆ ಎಳಿ."

ಸೊನ್ನೆ ಆಕ್ದ. ಗೆರೆ ಎಳೀಲಿಲ್ಲ. ಪೆನ್ನು ಇಸ್ಕೊಂಡು ನಾನೇ ಎಳೆದೆ.