ಹಿತ್ತಲ ಕಾರಿನ ತೇಪೆ

ಟಿಂಕರ್ ಮಾಸ್ಟರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಅವರ ಬಾಯಲ್ಲಿ ಉಳಿದದ್ದು ಮೂರೇ ಮಾತು: ನೀರು, ಬೇಡ, ಥತ್. ಮಾತಿಗೆ ನಿಂತರೆ ನಿಲ್ಲಿಸುವುದೇ ಗೊತ್ತಿಲ್ಲದ ಮನುಷ್ಯ ಅವರು. ಜಜ್ಜಿಹೋದ ಮಡ್‌ಗಾರ್ಡಿಗೆ ಸುತ್ತಿಗೆ ಬಡಿಯುತ್ತಲೇ ಗಿರಾಕಿಯ ಮನೆಯ ಮೂರು ತಲೆಮಾರಿನ ಸುದ್ದಿ ವಿಚಾರಿಸಿಬಿಡುತ್ತಿದ್ದರು. ಉಳಿದ ಮಾತು ನಿಧಾನಕ್ಕೆ ಬರಬಹುದು ಎಂದರು ಡಾಕ್ಟರು. ಹಾಗೆನ್ನುವಾಗ ಅವರು ಫೈಲು ನೋಡುತ್ತಿದ್ದರೇ ಹೊರತು ತನ್ನ ಮುಖ ನೋಡಲಿಲ್ಲ ಎಂಬುದು ಮಾಸ್ಟರ ಹೆಂಡತಿಯ ಗಮನಕ್ಕೆ ಬಾರದೆ ಇರಲಿಲ್ಲ.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಬೀದಿಗೆಲ್ಲ ಟೈಲರಮ್ಮ. ಗಂಡನನ್ನು ಮನೆಗೆ ಕರೆತಂದು ಎರಡು ತಿಂಗಳಾದರೂ ನಾಲ್ಕನೆಯ ಮಾತು ಹೊರಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡುತ್ತ ಕೂತವರನ್ನು ನೋಡಿ ನೋಡಿ ಅವಳಿಗೆ ಸಾಕಾಯಿತು. ಒಂದು ದಿನ ಎದ್ದವಳೇ ಅವರ ಕುರ್ಚಿಯನ್ನು ಹಿತ್ತಲಿಗೆ ಎಳೆದು, ತಗಡಿನ ಶೆಡ್ಡಿನ ಬಾಗಿಲಲ್ಲಿ ಇಟ್ಟಳು.

ಶೆಡ್ಡಿನಲ್ಲಿ ಒಂದು ಹಳೇ ಕಾರಿತ್ತು. ಗುಂಡನೆಯ ಮಡ್‌ಗಾರ್ಡು, ಉಬ್ಬಿದ ಬಾನೆಟ್ಟು, ಅಜ್ಜಂದಿರ ಕಾಲದ್ದು. ಯಾರೋ ಬಿಟ್ಟುಹೋದದ್ದನ್ನು ಮಾಸ್ಟರು ಇಪ್ಪತ್ತು ವರ್ಷದ ಹಿಂದೆ ತಳ್ಳಿಸಿಕೊಂಡು ಬಂದಿದ್ದರು. ಪ್ರತಿ ವರ್ಷವೂ ಅದೇ ಮಾತು: "ಈ ಬೇಸಿಗೆಗೆ ಕೈ ಹಾಕ್ತೀನಿ ಕಣೇ. ಮುಗಿದ ಮೇಲೆ ನೀನು ಮುಂದಿನ ಸೀಟಲ್ಲಿ ಕೂತ್ಕೋಬೇಕು. ಯಾರು ಕರೆದ್ರೂ ತಿರುಗಿ ನೋಡ್ಬಾರ್ದು, ಅಷ್ಟು ಜಂಬ ಇರ್ಬೇಕು." ಊರಿನ ಗಾಡಿಗಳನ್ನೆಲ್ಲ ನೆಟ್ಟಗೆ ಮಾಡಿದವರಿಗೆ ತಮ್ಮದಕ್ಕೆ ಮಾತ್ರ ಪುರಸೊತ್ತು ಸಿಗಲಿಲ್ಲ.

"ರೀ, ನೀವು ಕೂತು ಹೇಳಿ, ನಾನು ಮಾಡ್ತೀನಿ," ಎಂದು ಅವಳು ಸೆರಗು ಬಿಗಿದಳು. "ಇಷ್ಟು ವರ್ಷ ನೀವು ಹೊಡಿಯೋದನ್ನ ಕೇಳಿದ ಕಿವಿ ಇದು. ಅಷ್ಟೂ ಬರಲ್ವಾ?"

"ಬೇಡ," ಎಂದರು ಮಾಸ್ಟರು.

ತಂತಿ ಬ್ರಷ್ಷು ಹಿಡಿದಿದ್ದವಳು ಕೈ ತಡೆದಳು. "ಇದ್ರಲ್ಲಿ ಬೇಡ್ವಾ? ಮೊದಲು ಉಪ್ಪುಕಾಗದಾನಾ?"

ಅವರು ಕಣ್ಣು ಮುಚ್ಚಿಕೊಂಡರು. ಅದನ್ನು ಹೌದೆಂದುಕೊಂಡು ಅವಳು ಉಪ್ಪುಕಾಗದ ಎತ್ತಿಕೊಂಡಳು.

ಹೀಗೆ ಎಂಟು ತಿಂಗಳು ನಡೆಯಿತು. ಬೆಳಿಗ್ಗೆ ಹೊಲಿಗೆ, ಊಟವಾದ ಮೇಲೆ ಕಾರು. ಬಣ್ಣ ಕೆರೆದರೆ ಕೆಳಗೆ ಬೆರಳು ದಪ್ಪಕ್ಕೆ ಮೆತ್ತಿದ ಪುಟ್ಟಿ, ಪುಟ್ಟಿ ಕೆತ್ತಿದರೆ ಕೆಳಗೆ ತುಕ್ಕು, ತುಕ್ಕಿಗೆ ಸ್ಕ್ರೂಡ್ರೈವರು ಒತ್ತಿದರೆ ಆಚೆ ಬೆಳಕು. ತೂತು ಬಿದ್ದ ಕಡೆಯೆಲ್ಲ ರಟ್ಟು ಇಟ್ಟು ಸೀಸದಕಡ್ಡಿಯಲ್ಲಿ ಗೆರೆ ಎಳೆದು, ರವಿಕೆಯ ತುಂಡು ಕತ್ತರಿಸಿದ ಹಾಗೆ ತಗಡು ಕತ್ತರಿಸಿದಳು. ಮರಳು ಚೀಲದ ಮೇಲಿಟ್ಟು ಬಡಿದು ಬಡಿದು ಅದಕ್ಕೆ ಬಾಗು ತಂದಳು. ಒಂದೊಂದು ಸಲ ಮೂರು ದಿನದ ಬಡಿತ ಒಂದೇ ಏಟಿಗೆ ಸೊಟ್ಟಗಾಗುತ್ತಿತ್ತು. ಕೈತುಂಬ ಗೀರು. ರೇಷ್ಮೆ ಬಟ್ಟೆ ಮುಟ್ಟಿದರೆ ಎಳೆ ಸಿಕ್ಕಿಕೊಳ್ಳುತ್ತದೆಂದು ಅಂಥ ಕೆಲಸವನ್ನೇ ಬಿಟ್ಟಳು.

ಮಾಸ್ಟರು ನೋಡುತ್ತ ಕೂತಿರುತ್ತಿದ್ದರು. "ಬೇಡ" ಎಂದಾಗಲೆಲ್ಲ ಅವಳು ತಪ್ಪು ಹುಡುಕುತ್ತಿದ್ದಳು. ಸುತ್ತಿಗೆ ಬದಲಿಸುತ್ತಿದ್ದಳು, ತಗಡು ತಿರುಗಿಸುತ್ತಿದ್ದಳು, ಮತ್ತೆ ಬಿಚ್ಚಿ ಮತ್ತೆ ಕೂರಿಸುತ್ತಿದ್ದಳು. "ಮೊದಲಿನ ಹಾಗೇ ಕಣ್ಣಿಗೆ ಒಂದು ಕೂದಲೆಳೆ ತಪ್ಪೂ ಹಿಡಿಸಲ್ಲ ಇವರಿಗೆ," ಎಂದು ಹೊಲಿಸಲು ಬಂದ ಹೆಂಗಸರ ಮುಂದೆ ಹೆಮ್ಮೆಯಿಂದಲೇ ದೂರುತ್ತಿದ್ದಳು.

ಬೆಸುಗೆಗೆ ಭಾನುವಾರ ಅವಳ ತಮ್ಮ ಬರುತ್ತಿದ್ದ. ಐವತ್ತು ದಾಟಿದವನು, ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯವನು. ಅವಳು ಕತ್ತರಿಸಿಟ್ಟ ತೇಪೆಗಳನ್ನೆಲ್ಲ ಮಾತಿಲ್ಲದೆ ಕೂರಿಸಿ, ಚಹಾ ಕುಡಿದು ಹೋಗುತ್ತಿದ್ದ.

ಎಡಗಡೆಯ ಮುಂದಿನ ಬಾಗಿಲು ಮೊದಲು ಮುಗಿಯಿತು. ಅವಳು ತಳ್ಳಿದಳು. ಟಕ್ ಎಂದು ಒಂದೇ ಸದ್ದಿಗೆ ಕೂತಿತು. ತೆಗೆದು ಮತ್ತೆ ಹಾಕಿದಳು, ಮತ್ತೆ ಟಕ್. "ಕೇಳಿಸ್ತೇನ್ರೀ?" ಎಂದು ತಿರುಗಿದಾಗ ಮಾಸ್ಟರ ಎಡಗಣ್ಣಿನಲ್ಲಿ ನೀರು. ಆ ವಾರವೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರು ಎದ್ದರೆ ಇವರೂ ಎದ್ದಾರು ಎಂದು ಒಳಗೊಳಗೇ ಗಂಟು ಹಾಕಿಕೊಂಡಿದ್ದಳು. ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಉಳಿದದ್ದು ತಳ. ಕಾರು ಎತ್ತಬೇಕೆಂದು ತಮ್ಮ ಒಂದು ಭಾನುವಾರ ಜಾಕು ತಂದ. ಬಾಗಿಲ ಕೆಳಗಿನ ಉದ್ದನೆಯ ತೊಲೆಗೆ ಅದನ್ನು ಕೊಟ್ಟು ತಿರುಗಿಸತೊಡಗಿದ. ಜಾಕು ಮೇಲೇರಿತು, ಕಾರು ಏಳಲಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಬೆರಳು ಹೋದ ಹಾಗೆ ಜಾಕಿನ ತಲೆ ತೊಲೆಯೊಳಗೆ ನುಗ್ಗಿತು. ಕೆಂಪು ಪುಡಿ ಬೊಗಸೆಗಟ್ಟಲೆ ಉದುರಿತು. ನರಳಿದಂಥ ಸದ್ದಾಗಿ ಇಡೀ ಮೈ ನಡುವಿನಲ್ಲಿ ಜಗ್ಗಿತು. ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಅವಳು ಓಡಿಹೋಗಿ ತಳ್ಳಿದಳು. ನಾಲ್ಕು ಬೆರಳಿನಷ್ಟು ಸಂದಿ ಉಳಿಯಿತು.

"ಇನ್ನೊಂದು ತೊಲೆ ಮಾಡ್ಸೋಣ," ಎಂದಳು.

"ಯಾವುದಕ್ಕೆ ಅಂಟಿಸ್ಲಿ ಅಕ್ಕಾ? ಬೆಸುಗೆ ಹಿಡಿಯೋಕೆ ಪಕ್ಕದಲ್ಲಿ ಕಬ್ಬಿಣ ಇರ್ಬೇಕಲ್ವಾ? ಇದ್ರಲ್ಲಿ ನೀನು ಹಾಕಿದ ತೇಪೆ ಬಿಟ್ರೆ ಬೇರೆ ಏನೂ ಉಳಿದಿಲ್ಲ."

"ಇವತ್ತು ಗೊತ್ತಾಯ್ತಾ ನಿಂಗೆ?"

ಅವನು ಜಾಕಿನ ಹಿಡಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೇಳೋ, ಇವತ್ತಾ?"

"ಮೊದಲನೇ ಭಾನುವಾರಾನೇ. ಗಾಡಿ ತಂದ ವರ್ಷಾನೇ ಭಾವ ನೋಡಿ ಕೈ ಬಿಟ್ಟಿದ್ರು. ನಿಂಗೆ ಹೇಳ್ಬೇಡ ಅಂದಿದ್ರು. ಆಸೆ ಇಟ್ಕೊಂಡಿದಾಳೆ, ಇರ್ಲಿ ಅಂತ."

"ಮತ್ತೆ ಈ ಎಂಟು ತಿಂಗಳು?"

"ನೀನು ಆಸ್ಪತ್ರೆಯಿಂದ ಬಂದಾಗ ಹೆಂಗಿದ್ದೆ ಅಂತ ನಿಂಗೆ ಗೊತ್ತಿಲ್ಲ ಅಕ್ಕಾ. ಕೈಯಲ್ಲಿ ಏನಾದ್ರೂ ಇರ್ಲಿ ಅಂತ ನಾನು ಸುಮ್ನಿದ್ದೆ." ಅವನು ಧ್ವನಿ ತಗ್ಗಿಸಿದ. "ಭಾವ ಸುಮ್ನಿರ್ಲಿಲ್ಲ. ದಿನಾ ಹೇಳ್ತಾನೇ ಇದ್ರಲ್ಲ."

ದಿನಾ ಅವರು ಅಂದದ್ದು 'ಬೇಡ' ಒಂದೇ. ಅರ್ಥವಾದ ಮೇಲೆ ಎಂಟು ತಿಂಗಳ ಒಂದೊಂದು ಮಧ್ಯಾಹ್ನವೂ ಕಣ್ಣ ಮುಂದೆ ಬಂದು ನಿಂತಿತು. ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಸುತ್ತಿಗೆ ಅಲ್ವೇನ್ರೀ? ಗಾಡೀನೇ ಬೇಡ ಅಂತಿದ್ರಾ?"

ಮಾಸ್ಟರ ತುಟಿ ಒಂದು ಕಡೆಗೆ ಎಳೆಯಿತು. ಎಡಗೈ ಎತ್ತಿ ಅವಳ ಅಂಗೈಯ ಗೀರುಗಳ ಮೇಲೆ ಇಟ್ಟರು. ತುಂಬ ಹೊತ್ತು ಗಂಟಲಲ್ಲಿ ಏನನ್ನೋ ಹುಡುಕಿದರು. ಬೆವರು ಬಂತು. ಕೊನೆಗೆ ಹೊರಟದ್ದು, "ನೀರು."

ಅವಳು ನೀರು ತಂದಳು. ಅವರು ಕುಡಿಯಲಿಲ್ಲ. ಲೋಟವನ್ನು ಅವಳ ಕಡೆಗೇ ತಳ್ಳಿದರು. ನೀನು ಕುಡಿ ಎಂದೋ, ನಾನು ಹೇಳಲು ಹೊರಟದ್ದು ಇದಲ್ಲ ಎಂದೋ, ಅವಳಿಗೆ ತಿಳಿಯಲಿಲ್ಲ. ಇನ್ನು ಯಾವುದನ್ನು ಏನೆಂದುಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ.

ಗುಜರಿಯವರು ಮುಂದಿನ ವಾರ ಲಾರಿ ತಂದರು. ಸರಪಳಿ ಹಾಕಿ ಎತ್ತಿದಾಗ ಕಾರು ಸರಿಯಾಗಿ ನಡುವಿಗೆ ಎರಡಾಯಿತು. ಒಬ್ಬ ನಕ್ಕ, ಅವಳ ಮುಖ ನೋಡಿ ನಗು ನುಂಗಿಕೊಂಡ. ಎರಡು ತುಂಡನ್ನೂ ಹೇರಿಕೊಂಡು ಹೋದರು.

ಅಂದಿನಿಂದ ಮಾಸ್ಟರು ಆ ಮೂರು ಮಾತನ್ನೂ ಆಡಲಿಲ್ಲ. ತೋರಿಸಲು ಹೋದಾಗ ಡಾಕ್ಟರು ಈ ಸಲ 'ಬರಬಹುದು' ಎನ್ನಲಿಲ್ಲ. ಮಾತ್ರೆ ಬರೆದುಕೊಟ್ಟರು. ಟೈಲರಮ್ಮ ಕುರ್ಚಿಯನ್ನು ತನ್ನ ಮಿಷನ್ನಿನ ಪಕ್ಕಕ್ಕೆ, ಬೀದಿ ಕಾಣುವ ಹಾಗೆ ಹಾಕಿದಳು. ಗಾಡಿಗಳು ಹಾದುಹೋದವು. ಅವರು ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಅವಳು ಶಾಲೆಯ ಯೂನಿಫಾರಮ್ಮಿನ ರಾಶಿ ಎಳೆದುಕೊಂಡು, ಅಂಚು ಮಡಚಿ, ಸೂಜಿಯ ಕೆಳಗೆ ಕೊಟ್ಟಳು.