ಸೋಮವಾರದ ಎಂಟು ಗಂಟೆ

ಯಾದವಗಿರಿಯ ಕೃಷ್ಣಸ್ವಾಮಿಯವರು ಬೆಳಿಗ್ಗೆ ಎಂಟಕ್ಕೆ ಫೋನಿನ ಮೇಲೆ ಹೆಬ್ಬೆರಳು ಇಟ್ಟರೆಂದರೆ, ದೆಹಲಿಯಲ್ಲಿರುವ ರೈಲ್ವೆಯ ಕಂಪ್ಯೂಟರು ಎದ್ದು ನಿಂತು, ಶಲ್ಯ ಸರಿಮಾಡಿಕೊಂಡು, ಅಪ್ಪಣೆಯಾಗಲಿ ಮೇಷ್ಟ್ರೇ, ಕಿಟಕಿ ಪಕ್ಕವೋ ಬಾಗಿಲ ಪಕ್ಕವೋ ಎಂದು ಕೇಳುತ್ತಿತ್ತು. ಅವರ ಕೆಲಸ ಮುಗಿಯುವ ತನಕ ಮಿಕ್ಕ ದೇಶವೆಲ್ಲ ಹಿಂದೆ ಸಾಲಿನಲ್ಲಿ ನಿಂತಿರುತ್ತಿತ್ತು. ಒಂದು ದಸರೆಯಲ್ಲಂತೂ ಅವರು ಟಿಕೆಟ್ ಮಾಡಿಸಿದ ವೇಗಕ್ಕೆ ಫೋನು ಕಾದು ಕೆಂಡವಾಗಿ, ಅದರ ಮೇಲೆ ಎರಡು ಹಪ್ಪಳ ಸುಟ್ಟುಕೊಂಡು ತಿಂದಿದ್ದರು. ಹೀಗೆಂದು ಹೇಳಿದವರು ಯಾರು? ಕೃಷ್ಣಸ್ವಾಮಿಯವರು. ಹಪ್ಪಳಕ್ಕೆ ಸಾಕ್ಷಿ ಯಾರು? ಅವರೂ ಕೃಷ್ಣಸ್ವಾಮಿಯವರೇ.

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮನುಷ್ಯ. ಅವರ ತಾತ ಅರಮನೆಯ ಗಡಿಯಾರಗಳಿಗೆ ಕೀ ಕೊಡುತ್ತಿದ್ದವರು. ಮೊಮ್ಮಗನ ಬಾಯಲ್ಲಿ ಆ ಗಡಿಯಾರಗಳೇ ತಾತನ ಮುಖ ನೋಡಿ ಗಂಟೆ ತಿದ್ದಿಕೊಳ್ಳುತ್ತಿದ್ದವು. ಹೆಂಡತಿ ಚಂದ್ರಮತಿಯವರಾದರೋ ರಾಹುಕಾಲ ನೋಡದೆ ಹಾಲಿಗೆ ಹೆಪ್ಪು ಕೂಡ ಹಾಕದವರು. ಮದುವೆಯಾದಾಗಿನಿಂದ ಕೃಷ್ಣಸ್ವಾಮಿಯವರಿಗೆ ಇದೊಂದು ಮುಗಿಯದ ತಮಾಷೆ. ಮನೆಗೆ ಬಂದವರ ಮುಂದೆಲ್ಲ, "ಸೂರ್ಯನನ್ನ ನುಂಗೋ ರಾಹುಗೆ ನಮ್ಮ ಮನೇಲಿ ಮೊಸರು ಕಾಯೋ ಡ್ಯೂಟಿ ಕಣ್ರೀ" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಚಂದ್ರಮತಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಚಂದ್ರಮತಿಯವರದೊಂದು ಹಾಡಿನ ತಂಡವಿತ್ತು. ಐದು ಜನ ಹೆಂಗಸರು ಶನಿವಾರ ಶನಿವಾರ ಅವರ ಮನೆಯ ಹಜಾರದಲ್ಲಿ ಕೂತು ದೇವರನಾಮ ಹಾಡಿಕೊಳ್ಳುತ್ತಿದ್ದರು. ಆ ತಂಡಕ್ಕೆ ಮೊಟ್ಟಮೊದಲ ಬಾರಿಗೆ ಪರವೂರಿನ ಕರೆ ಬಂತು. ಹೊಸಪೇಟೆಯ ಒಂದು ದೇವಸ್ಥಾನದಲ್ಲಿ ಶನಿವಾರ ಸಂಜೆ ಅರ್ಧ ಗಂಟೆ ಹಾಡಬೇಕು. ಶುಕ್ರವಾರ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು, ಶನಿವಾರ ಹಾಡುವುದು, ಭಾನುವಾರ ಹಂಪಿ ನೋಡಿಕೊಂಡು ರಾತ್ರಿ ವಾಪಸ್ಸು ಹೊರಡುವುದು ಎಂದಾಯಿತು. ಬಸ್ಸಿನ ಮಾತೇ ಇಲ್ಲ. ಬಸ್ಸು ಶ್ರೀರಂಗಪಟ್ಟಣ ದಾಟುವುದರೊಳಗೆ ಚಂದ್ರಮತಿಯವರ ಹೊಟ್ಟೆ ಬಾಯಿಗೆ ಬರುತ್ತದೆ. ರೈಲಿನಲ್ಲೂ ಅಗ್ಗದ ಸ್ಲೀಪರ್ ಟಿಕೆಟ್ ಬೇಕೆಂದರೆ ಎರಡು ತಿಂಗಳು ಮೊದಲೇ, ಬುಕಿಂಗ್ ತೆರೆದ ಗಳಿಗೆಯಲ್ಲೇ ಹಿಡಿಯಬೇಕು. ತಡವಾದರೆ ಉಳಿಯುವುದು ದುಬಾರಿಯ ಎಸಿ ಬೋಗಿ, ಅದೂ ಉಳಿದರೆ. ತಂಡದವರು ತಮ್ಮ ತಮ್ಮ ಕೈಖರ್ಚಿನಲ್ಲಿ ಹೊರಟವರು. ಅವರಿಗೆ ಆಗುವುದು ಸ್ಲೀಪರ್ ಒಂದೇ.

"ನನಗೆ ಬಿಡಿ," ಎಂದರು ಕೃಷ್ಣಸ್ವಾಮಿ. ತಾವೂ ಜೊತೆಗೆ ಬರುವುದಾಗಿ, ತಾವಿದ್ದರೆ ರೈಲು ಹೊತ್ತಿಗೆ ಮುಂಚೆಯೇ ತಲುಪುವುದಾಗಿ ಸೇರಿಸಿದರು.

ಆಗ ಅವರಿಗೆ ಹೊಳೆಯದೇ ಹೋದ ಸಂಗತಿ ಒಂದೇ. ಆ ಶುಕ್ರವಾರದ ರೈಲಿಗೆ ಬುಕಿಂಗ್ ತೆರೆಯುವುದು ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು.

ಆ ಸೋಮವಾರ ಚಂದ್ರಮತಿ ಏಳಕ್ಕೆ ಮುಂಚೆಯೇ ದೇವರಾಜ ಮಾರುಕಟ್ಟೆಗೆ ಹೋಗಿದ್ದರು. ಕೃಷ್ಣಸ್ವಾಮಿ ಆರು ಜನರ ಹೆಸರು, ವಯಸ್ಸು ಎಲ್ಲ ತುಂಬಿ ಹೆಬ್ಬೆರಳನ್ನು ಎತ್ತಿ ಹಿಡಿದು ಕೂತರು. ಎಂಟಾಯಿತು. ಹೆಬ್ಬೆರಳು ಇಳಿಯಲಿಲ್ಲ. ಎಷ್ಟೋ ಸಾವಿರ ಹುಡುಗರಿಗೆ ಗ್ರಹಣದ ಚಿತ್ರ ಬರೆದು ತೋರಿಸಿದ್ದ ಅದೇ ಕೈ ಹಿಂದೆ ಸರಿದು ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತು, ಬಿಡಲೊಲ್ಲದು. ಪಕ್ಕದಲ್ಲಿ ಕಾಫಿ ಆರಿತು, ಕೆನೆ ಕಟ್ಟಿತು. ಒಂಬತ್ತು ದಾಟಿದ ಮೇಲೆ ಅವರು ಒತ್ತಿದರು. ವೇಯ್ಟಿಂಗ್ ಲಿಸ್ಟ್ ನಲವತ್ತೇಳು ಎಂದು ಬಂತು.

ಆಮೇಲೆ ಅವರು ಗೇಟಿನ ಹತ್ತಿರ ನಿಂತಿದ್ದಾಗ ಪಕ್ಕದ ಮನೆಯ ವಾಣಿ ಸ್ಕೂಟರು ಹತ್ತುತ್ತಾ, "ಟಿಕೆಟ್ ಆಯ್ತಾ ಅಂಕಲ್?" ಎಂದಳು. ಅವಳೂ ಹಾಡಿನ ತಂಡದವಳೇ. ಇಲ್ಲ ಎನ್ನಲು ಬಾಯಿ ತೆರೆದ ಕೃಷ್ಣಸ್ವಾಮಿಯವರ ಬಾಯಿಂದ, "ಆಗದೇ ಇರುತ್ತೇನಮ್ಮಾ" ಎಂಬುದು ಬಂದುಬಿಟ್ಟಿತು. ಬಾಯಿಗೆ ನಲವತ್ತು ವರ್ಷದ ಅಭ್ಯಾಸ. ಯಜಮಾನರನ್ನು ಕೇಳುವ ಪದ್ಧತಿ ಅದಕ್ಕಿರಲಿಲ್ಲ.

ತಮಾಷೆಯೆಂದರೆ, ಭಾನುವಾರ ವಾಪಸ್ಸು ಬರುವ ಟಿಕೆಟ್ಟಿಗೆ ಬುಕಿಂಗ್ ತೆರೆದದ್ದು ಬುಧವಾರ. ಬುಧವಾರ ಎಂಟಕ್ಕೆ ರಾಹುವಿನ ಕಾಟವಿಲ್ಲ. ಆರೂ ಸೀಟು ಪಟ್ಟನೆ ಸಿಕ್ಕಿದವು. ಹೊಸಪೇಟೆಯಿಂದ ಬರುವುದಕ್ಕೆ ಎಲ್ಲ ತಯಾರಿತ್ತು, ಅಲ್ಲಿಗೆ ಹೋಗುವುದಕ್ಕೆ ಮಾತ್ರ ದಾರಿಯಿರಲಿಲ್ಲ.

ಆಮೇಲಿನ ದಿನಗಳಲ್ಲಿ ಸ್ಟೇಷನ್ನು ಇಷ್ಟು ಹತ್ತಿರವಿರುವ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಅಪ್ಪನನ್ನು ಅವರು ಎಷ್ಟು ಸಲ ಬೈದುಕೊಂಡರೋ. ಒಂದೊಂದು ರೈಲು ಕೂಗಿದಾಗಲೂ ಅದು ಅವರ ಹೆಸರು ಹಿಡಿದೇ ಕೂಗುತ್ತಿತ್ತು. ದಿನಕ್ಕೆ ಹತ್ತು ಸಾವಿರ ಸಲ ಫೋನು ನೋಡುತ್ತಿದ್ದರು. ನಲವತ್ತೇಳು ನಲವತ್ತಾಯಿತು, ಮೂವತ್ತಾರಾಯಿತು, ಇಪ್ಪತ್ತೊಂಬತ್ತಕ್ಕೆ ಬಂದು ಕಾಲು ಮುರಿದುಕೊಂಡು ಕೂತಿತು. ಇತ್ತ ಹಜಾರದಲ್ಲಿ ಹಾಡು ದಿನದಿನಕ್ಕೆ ಹದವಾಗುತ್ತಿತ್ತು. ಚಂದ್ರಮತಿ ಐದು ಜನಕ್ಕೂ ಒಂದೇ ಬಣ್ಣದ ಸೀರೆ ಹುಡುಕಿ ತಂದರು. ಒಗ್ಗರಣೆ ಹಾಕುವಾಗಲೂ ಅವರ ಬಾಯಲ್ಲಿ ಅದೇ ಪಲ್ಲವಿ. ಅದು ಅಡುಗೆಮನೆಯಿಂದ ತೇಲಿ ಬಂದಾಗ ಕೃಷ್ಣಸ್ವಾಮಿ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹಿತ್ತಲಿಗೂ ಅದು ಕೇಳಿಸುತ್ತಿತ್ತು.

ಕೊನೆಗೆ ಒಂದು ಸಂಜೆ ಯಾರಿಗೂ ಕಾಣದಂತೆ ಊರಿನಲ್ಲೇ ಆಚೆ ಕಡೆಯ ವಿಜಯನಗರ ಬಡಾವಣೆಯ ದೇವಸ್ಥಾನಕ್ಕೆ ಹೋಗಿ ನವಗ್ರಹಗಳನ್ನು ಸುತ್ತತೊಡಗಿದರು. ಮೂರನೆಯ ಸುತ್ತಿನಲ್ಲಿ ಎದುರಿಗೆ ಚಾಮುಂಡಮ್ಮ ನಿಂತಿದ್ದರು. ಕಡಕೊಳದ ಕಡೆಯ ಹೆಣ್ಣುಮಗಳು, ವಿಜಯನಗರದಲ್ಲಿ ಟೈಲರಿಂಗ್ ಅಂಗಡಿ, ತಂಡದಲ್ಲಿ ಎಲ್ಲರಿಗಿಂತ ದೊಡ್ಡ ಕಂಠ.

"ಇದೇನ್ ಮೇಷ್ಟ್ರೇ, ನೀವು ಇಲ್ಲಿ?"

"ವಾಕಿಂಗ್ ಕಣಮ್ಮ. ಡಾಕ್ಟರು ದುಂಡಗೆ ನಡೀರಿ ಅಂದಿದಾರೆ."

"ಒಳ್ಳೆ ಡಾಕ್ಟ್ರು ಬುಡಿ," ಎಂದರು ಚಾಮುಂಡಮ್ಮ, ರಾಹುವಿನ ಮುಂದಿದ್ದ ಹೊಸ ದೀಪವನ್ನು ನೋಡುತ್ತ.

ಹೊರಡಲು ಆರು ದಿನ ಉಳಿದ ಶನಿವಾರ ತಂಡ ಕೊನೆಯ ಸಲ ಹಾಡಿಕೊಳ್ಳಲು ಕೂಡಿತು. ಹಾಡು ಮುಗಿದು ಕಾಫಿ ಬಂತು.

"ಅಲ್ಲ ಮೇಷ್ಟ್ರೇ," ಎಂದರು ಚಾಮುಂಡಮ್ಮ. "ನಮ್ಮ ಮೈದ ದಿನಾ ಫೋನ್ ತಿಕ್ಕುದ್ರೂ ಅವನ್ಗೆ ಒಂದು ಟಿಕೆಟ್ ಸಿಕ್ನಿಲ್ಲ. ನೀವು ಆರು ಹಿಡ್ಕಂಡ್ ಬಂದ್ಬುಟ್ರಿ. ಏನ್ ಮಾಯ ಮಾಡುದ್ರಿ?"

ಸುಮ್ಮನೆ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಕೃಷ್ಣಸ್ವಾಮಿ ಗಂಟಲು ಸರಿಮಾಡಿಕೊಂಡರು. "ಗಡಿಯಾರ ಎಂಟರ ಮೊದಲನೇ ಏಟು ಹೊಡೆಯೋ ಹೊತ್ತಿಗೆ ಟಿಕೆಟ್ ನನ್ನ ಕೈಲಿತ್ತು. ಮಿಕ್ಕ ಏಳು ಏಟು ಹೊಡೆಯೋಕೆ ಗಡಿಯಾರಕ್ಕೇ ನಾಚಿಕೆಯಾಯ್ತು."

"ಹೌದು, ಅವತ್ತು ಸೋಮವಾರ," ಎಂದಳು ವಾಣಿ. "ಅಂಕಲ್ ಗೇಟಲ್ಲೇ ನಿಂತಿದ್ರು."

ಚಂದ್ರಮತಿ ಲೋಟವನ್ನು ಕೆಳಗಿಟ್ಟರು. "ಸೋಮವಾರ ಎಂಟು ಗಂಟೆಗಾ?"

ಕೃಷ್ಣಸ್ವಾಮಿಯವರಿಗೆ ಆಗ ಹೊಳೆಯಿತು, ತಾವಾಗಿಯೇ ಎಂಥ ಬೋನಿನೊಳಗೆ ನಡೆದು ಬಂದಿದ್ದೇವೆಂದು. ಎಂಟಕ್ಕೆ ಎಂದರೆ ರಾಹುಕಾಲ. ಎಂಟಕ್ಕಲ್ಲ ಎಂದರೆ ಟಿಕೆಟ್ಟಿಲ್ಲ.

"ಮೊದಲನೇ ಸಲ ಪರವೂರಿಗೆ ಹಾಡೋಕೆ ಹೋಗ್ತಿದೀವಿ. ನಿಮಗೆ ಬೇರೆ ಹೊತ್ತು ಸಿಗಲಿಲ್ವಾ?" ಚಂದ್ರಮತಿಯವರ ದನಿ ಏರಲಿಲ್ಲ. "ನಾನು ಬರೋದಿಲ್ಲಪ್ಪ. ನೀವೆಲ್ಲ ಹೋಗಿಬನ್ನಿ."

"ನೀವಿಲ್ದೆ ಸುರು ಮಾಡೋರ್ ಯಾರು ಚಂದ್ರಕ್ಕ?" ಚಾಮುಂಡಮ್ಮನಿಗೆ ಸಿಟ್ಟು ಬಂತು. "ಬುಡಿ ಅತ್ಲಾಗೆ. ನಾನು ಅಂಗಡಿ ಬೇರೆ ಮುಚ್ತೀನಿ ಅಂತ ಗಿರಾಕಿಗಳಿಗೆಲ್ಲ ಹೇಳ್ಕಂಡು ಬಂದಿದೀನಿ. ಕ್ಯಾನ್ಸಲ್ ಮಾಡ್ಸಿ ಮೇಷ್ಟ್ರೇ. ಎಲ್ಲಾ ನಿಮ್ಮ ಮನೆ ಪಂಚಾಂಗಕ್ಕೆ ಹೋಯ್ತು."

ಮಿಕ್ಕವರು ನೆಲ ನೋಡಿದರು. ಚಂದ್ರಮತಿ ಎದ್ದು ಅಡುಗೆಮನೆಗೆ ಹೋದರು.

ಅರಮನೆಯ ಆನೆಬಾಗಿಲಿನಷ್ಟು ದೊಡ್ಡ ಬಾಗಿಲೊಂದು ಕೃಷ್ಣಸ್ವಾಮಿಯವರ ಮುಂದೆ ತೆರೆದಿತ್ತು. ಟಿಕೆಟ್ ರದ್ದು, ಸುಳ್ಳು ಮಾಯ, ತಪ್ಪೆಲ್ಲ ಹೆಂಡತಿಯದು. ಅವರು ಆ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟರು. "ಏನು ಮಾಡೋದಮ್ಮ," ಎಂದರು ನಿಟ್ಟುಸಿರಿಟ್ಟು, "ಅವಳ ನಂಬಿಕೆ. ಕ್ಯಾನ್ಸಲ್ ಮಾಡ್ತೀನಿ."

"ಮಾಡಬೇಡಿ."

ಚಂದ್ರಮತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ನಿಂತಿದ್ದರು. "ನಾನೊಬ್ಬಳು ರಾಹುಕಾಲ ನೋಡ್ಕೊಂಡು ಬಂದೆ ಅಂತ ಇವರೆಲ್ಲ ಯಾಕೆ ನಿಲ್ಲಬೇಕು. ಇಷ್ಟು ವರ್ಷ ನೀವು ಆಡ್ಕೊಂಡು ನಕ್ಕಿದ್ದೇ ಸರಿ ಅಂತ ಇಟ್ಕೊಳ್ಳಿ. ರಾಹುನೂ ಇಲ್ಲ, ಕೇತುನೂ ಇಲ್ಲ. ನಾನು ಬರ್ತೀನಿ. ಸೀಟು ಹೇಳಿ, ಯಾರಿಗೆ ಎಲ್ಲಿ ಅಂತ ಗೊತ್ತಾಗಲಿ."

ಜೀವಮಾನವೆಲ್ಲ ಕಾದಿದ್ದ ಗೆಲುವು ಬಂದು ಎದುರಿಗೆ ನಿಂತಿತ್ತು, ಕೃಷ್ಣಸ್ವಾಮಿಯವರಿಗೆ ಅದರ ಮುಖ ನೋಡಲಾಗಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ಹೊರಟಿತು. "ಎಲ್ಲರಿಗೂ ಕೆಳಗಿನ ಬರ್ತು. ಆರಕ್ಕೆ ಆರೂ. ಒಂದೇ ಕಡೆ, ಎದುರುಬದುರು."

"ಒಂದ್ಕಡೆ ಎರಡೇ ಅಲ್ವಾ ಎದುರುಬದುರು ಕೆಳಗಿನ ಸೀಟು ಇರೋದು?" ಎಂದರು ಚಾಮುಂಡಮ್ಮ. "ಮಿಕ್ಕಿದ್ ನಾಕು ಎಲ್ಲವೆ, ರೈಲಿನ ಅಡೀಲಾ?"

ವಾಣಿ ನಕ್ಕಳು. ಕೃಷ್ಣಸ್ವಾಮಿಯವರ ಮುಖ ನೋಡಿ ನಿಲ್ಲಿಸಿದಳು.

"ಫೋನ್ ಕೊಡಿ," ಎಂದರು ಚಂದ್ರಮತಿ.

ಅವರು ಕೊಟ್ಟರು. ಚಂದ್ರಮತಿ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಫೋನನ್ನು ಸೋಫಾದ ಮೇಲಿಟ್ಟು, "ಬುಕಿಂಗ್ ಆಗಿದ್ದು ಎಂಟು ಗಂಟೆಗೆ ಅಂತಿಲ್ಲ ಇದರಲ್ಲಿ," ಎಂದರು.

ಕೃಷ್ಣಸ್ವಾಮಿ ಬಾಗಿಲಿನ ಕಡೆ ನೋಡಿದರು. ಬಾಗಿಲಿಗೆ ಅಡ್ಡವಾಗಿ ಚಾಮುಂಡಮ್ಮ ಕೂತಿದ್ದರು.

"ಸೀಟಿಲ್ಲ ಚಂದ್ರಾ. ವೇಯ್ಟಿಂಗಲ್ಲಿದೆ. ಆಗೋದಿಲ್ಲ ಅನ್ಸುತ್ತೆ." ಅವರ ದನಿ ಅವರಿಗೇ ಬೇರೆಯವರದೆಂಬಂತೆ ಕೇಳಿಸಿತು. "ಎಂಟಕ್ಕೆ ಎಲ್ಲಾ ತಯಾರಿತ್ತು. ನಿನ್ನ ಹೆಸರೇ ಮೊದಲು ಹಾಕಿದ್ದೆ. ಒತ್ತೋಕೆ ಹೋದೆ, ರಾಹು ನೆನಪಾದ, ಆಗಲಿಲ್ಲ. ಇವಳು ಮೊದಲನೇ ಸಲ ಹಾಡೋಕೆ ಹೋಗ್ತಿದಾಳೆ, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಹೆದರಿಕೆಯಾಯ್ತು ಕಣೇ."

ಕೃಷ್ಣಸ್ವಾಮಿ ತಲೆ ತಗ್ಗಿಸಿ, ಒಬ್ಬರಿಗೇ ಹೇಳುವಷ್ಟು ಸಣ್ಣಗೆ ಮುಗಿಸಿದರು.

"ಒಂಬತ್ತಾದ ಮೇಲೂ ಐದು ನಿಮಿಷ ಬಿಟ್ಟೆ. ಅವನು ಪೂರ್ತಿ ಹೋಗಲಿ ಅಂತ."